ಅರ್ಧ ವೃತ್ತದ ದಿಂಬುಗಳು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ನಾನು ಮತ್ತೆ ಶಾಲೆಗೆ ಸೇರುವುದಿಲ್ಲ. ಬಿಟ್ಟ ದಿನವೇ ನನಗದು ಗೊತ್ತಿತ್ತು. ಪ್ರತಿ ಪತ್ರದಲ್ಲೂ ನೀನು ಕೇಳುತ್ತಿದ್ದೆ, ನಾನು ಅಮ್ಮನ ಮಂಡಿನೋವಿನ ಸುದ್ದಿ ಬರೆದು ಜಾರಿಕೊಳ್ಳುತ್ತಿದ್ದೆ. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಧೈರ್ಯ ಸಾಲಲಿಲ್ಲ. ಈ ಪತ್ರ ತಡವಾದದ್ದಕ್ಕೂ ಅದೇ ಕಾರಣ. ಅಮ್ಮನ ಮಂಡಿ ಈಗ ವಾಸಿ.

ದಿನವೆಲ್ಲ ನಾನಿರುವುದು ನಮ್ಮ ಬೀದಿಯ ಟೈಲರ್ ಮಾಸ್ತರರ ಅಂಗಡಿಯಲ್ಲಿ. ಮುಚ್ಚಿಹೋದ ಚಿತ್ರಮಂದಿರವೊಂದರ ಹಳೇಕಾಲದ ಪರದೆ ಅವರಿಗೆ ಸಿಕ್ಕಿತ್ತು: ಕಂದು ಬಟ್ಟೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಕಿತ್ತಳೆ ವೃತ್ತಗಳು. ಸೋಫಾ ದಿಂಬಿಗೆ ಕವರು ಹೊಲಿಯೋಣ, ಚೂರೂ ದಂಡವಾಗಬಾರದು ಎಂದರು. ನಾನು ಅಂಚಿನಿಂದಲೇ ಅಳತೆ ಹಿಡಿದು ಕತ್ತರಿ ಓಡಿಸಿಬಿಟ್ಟೆ. ಬಟ್ಟೆ ಉಳಿಯಿತು, ವೃತ್ತಗಳು ಸರಿಯಾಗಿ ನಡುವಿಗೇ ಸೀಳಿಹೋದವು. ಹೊಲಿದು ನೋಡಿದರೆ ಕವರಿನ ಎಡಬಲ ಅಂಚಿಗೆ ಅರ್ಧರ್ಧ ವೃತ್ತ, ನಡುವೆ ಬೋಳು.

"ಎಲ್ಲಾ ಸೂರ್ಯಂಗೂ ಒಟ್ಟಿಗೇ ಗ್ರಹಣ ಹಿಡಿಸಿದ್ಯಲ್ಲೋ" ಎಂದರು ಮಾಸ್ತರರು.

ಆಗಲೇ ಆ ಕವರುಗಳನ್ನು ಕೊಳ್ಳಬೇಕಿದ್ದ ಸೋಫಾ ಅಂಗಡಿಯ ಯಜಮಾನಿ ಬಂದರು. ಮಾಸ್ತರರು ತಕ್ಷಣ ರಾಗ ಬದಲಿಸಿ, "ಇದು ಹೊಸ ಫ್ಯಾಷನ್ನಮ್ಮಾ" ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಫ್ಯಾಷನ್ ಅಲ್ಲಮ್ಮಾ, ನಾನು ಕತ್ತರಿಸಿದ್ದೇ ತಪ್ಪು" ಅಂದೆ. ಮಾಸ್ತರರು ಕಣ್ಣಲ್ಲೇ ನನ್ನನ್ನು ಸುಟ್ಟರು.

ಆಕೆ ಕವರು ತೊಡಿಸಿದ್ದ ಎರಡು ದಿಂಬು ತೆಗೆದು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟರು. ಅರ್ಧಕ್ಕೆ ಅರ್ಧ ಕೂಡಿತು. ಒಂದಿಷ್ಟು ಬಟ್ಟೆ ಹೊಲಿಗೆಯೊಳಗೆ ಹೋಗಿದ್ದರಿಂದ ವೃತ್ತ ತುಸು ಮೊಟ್ಟೆಯಂತಾಗಿತ್ತು, ಆದರೂ ಕಣ್ಣು ಕೀಳಲಾಗಲಿಲ್ಲ.

"ಎಲ್ಲಾ ಜೋಡಿ ಮಾಡಿ ಕೊಡಿ" ಎಂದು ಮಾಸ್ತರರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಎಷ್ಟು ಓದಿದ್ದೀಯಪ್ಪಾ?"

"ಅರ್ಧಕ್ಕೆ ಬಿಟ್ಟೆ."

"ಕೆಲಸಾನೂ ಅರ್ಧಕ್ಕೆ ಬಿಡ್ತೀಯಾ?"

"ಗೊತ್ತಿಲ್ಲಮ್ಮಾ. ಇಲ್ಲೀತನಕ ಬಿಟ್ಟಿಲ್ಲ."

ನಕ್ಕರು. ಬೇರೆ ಊರಲ್ಲಿರುವ ಅವರ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಲು ಒಬ್ಬರು ಬೇಕಂತೆ. "ತಪ್ಪಾದ್ರೆ ಮುಚ್ಚಿಡದೆ ಹೇಳೋರು ಬೇಕು" ಎಂದರು. ಒಪ್ಪಿಕೊಂಡೆ.

"ಅಲ್ಲಾದ್ರೂ ಒಂದು ಕಡೆ ಕೂರ್ತೀಯೇನೋ, ಗಾಳಿಪಟ?" ಎಂದು ಅಮ್ಮ ಕೇಳಿದಳು. ಕೂರುವ ಹಾಗೇ ಇಲ್ಲ, ನಿಂತೇ ಕತ್ತರಿಸಬೇಕು ಎಂದೆ. ಅವಳಿಗೆ ನಗು ಬಂತು, ಕಣ್ಣೂ ಒರೆಸಿಕೊಂಡಳು.

ಬೈಯಬೇಕೆನ್ನಿಸಿದರೆ ಬೈದು ಬರೆ. ಕೊನೆಯ ಸಾಲಿನಲ್ಲಿ ಮಾತ್ರ ನನಗೆ ಒಳ್ಳೆಯದಾಗಲಿ ಎಂದಿರಲಿ.

ನಿನ್ನ
ಗಾಳಿಪಟ

ತಾ.ಕ.: ನನ್ನನ್ನು ಓದಿಸಲೆಂದು ನೀನು ಓದು ಬಿಟ್ಟು ಕೆಲಸಕ್ಕೆ ಹೋದೆ. ನಾನು ಶಾಲೆ ಬಿಟ್ಟಾಗ ನೀನು ಬೈಯಲಿಲ್ಲ, ಮತ್ತೆ ಯಾವಾಗ ಸೇರುತ್ತೀ ಎಂದಷ್ಟೇ ಕೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕಾ. ನಿನಗೆ ಈಗಲೂ ಓದುವ ಆಸೆಯಿದ್ದರೆ ಹೇಳು, ಇನ್ನು ದುಡಿಯುವ ಪಾಳಿ ನನ್ನದು. ನಾಳೆ ಬೆಳಿಗ್ಗೆ ಹೊರಡುತ್ತಿದ್ದೇನೆ.