ಹದಿನೇಳಡಿ ಕಟ್ಟೆ

ಅಪ್ಪಾ,

ನೀನು ಹೋದಮೇಲೆ ಕಚೇರಿಯಲ್ಲಿ ನಿನ್ನ ಕುರ್ಚಿಯ ಮೇಲೆ ನಾನೇ ಕೂರುತ್ತಿದ್ದೇನೆ. ಇವತ್ತು ಹೊಸ ಇಂಜಿನಿಯರ್ ಹುಡುಗಿ ಕಂಬದ ಬುಡದ ದುಂಡು ಗುಂಡಿಗಳಿಗೆ ಕಾಂಕ್ರೀಟಿನ ಅಂದಾಜು ತಂದಳು. ಖರ್ಚು ನೋಡಿ ನಾನು ಕೇಳಿದೆ:

"ಏನಮ್ಮಾ, ಕಂಬ ನಿಲ್ಲಿಸ್ತೀಯೋ, ಕೋಟೆ ಕಟ್ತೀಯೋ?"

ಗುಂಡಿಯ ಅಗಲದಲ್ಲಿ ಅರ್ಧ ಹಿಡಿದು ಗುಣಿಸಬೇಕಾದಲ್ಲಿ ಪೂರ್ತಿ ಅಗಲವನ್ನೇ ಹಿಡಿದಿದ್ದಳು. ಒಂದು ಪಾಲು ಸಾಕಾಗುವಲ್ಲಿ ನಾಲ್ಕು ಪಾಲು ಕಾಂಕ್ರೀಟು. ಪಾಪ, ಅವಳ ಕಣ್ಣು ತುಂಬಿಬಂತು.

ಆಗ ನನಗೆ ನಮ್ಮ ಅಂಗಳದ ಕಟ್ಟೆ ನೆನಪಾಯಿತು. ಕಾಲೇಜು ಮುಗಿಸಿದ ಗತ್ತಿನಲ್ಲಿ ಜಗಲಿಯ ನಾಲ್ಕು ಕಂಬಕ್ಕೆ ಅಂದಾಜು ಹಾಕಿ, ನಿನ್ನನ್ನು ಒಂದು ಮಾತೂ ಕೇಳದೆ ಕಾಂಕ್ರೀಟ್ ಲಾರಿಗೆ ಹೇಳಿದವಳು ನಾನೇ ತಾನೆ? ಗುಂಡಿ ತುಂಬಿ ಮಿಕ್ಕಿದ್ದರಲ್ಲಿ ನೀನು ಕಟ್ಟೆ ಹಾಕಿದೆ. "ಕೂರೋಕೆ ಒಂದು ಜಾಗ ಬೇಕಿತ್ತು ಕಣೇ" ಅಂದಿದ್ದೆ. ನಾನು ಅದನ್ನೇ ನಂಬಿ, "ಅಷ್ಟುದ್ದ ಯಾಕಪ್ಪಾ, ಇಲ್ಲೇನು ಬಸ್ ನಿಲ್ಲುತ್ತಾ?" ಎಂದು ವರ್ಷಗಟ್ಟಲೆ ಬಂದವರೆದುರೆಲ್ಲ ನಿನ್ನನ್ನು ಆಡಿಕೊಂಡೆ. ನೀನು ಮೀಸೆಯಡಿಯಲ್ಲೇ ನಗುತ್ತಿದ್ದೆ.

ಸಂಜೆ ಮನೆಗೆ ಬಂದವಳೇ ಟೇಪು ಹಿಡಿದು ಕಟ್ಟೆ ಅಳೆದೆ. ಉದ್ದ ಹದಿನೇಳಡಿ. ಲೆಕ್ಕ ಹಾಕಿದರೆ, ಅಂದು ನಾನೂ ಪೂರ್ತಿ ಅಗಲವನ್ನೇ ಹಿಡಿದು ಹೆಚ್ಚಿಗೆ ತರಿಸಿದ ಮೂರು ಪಾಲೂ ಅಲ್ಲೇ ಇದೆ, ಅಪ್ಪಾ.

ಅದರ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಈಗಷ್ಟೇ ಹೊಳೆಯಿತು. ಲಾರಿ ಬರಬೇಕಿದ್ದ ದಿನ ಬೆಳಿಗ್ಗೆ ನನ್ನ ಅಂದಾಜಿನ ಚೀಟಿಯನ್ನು ಒಮ್ಮೆ ನೋಡಿ, ಏನೂ ಹೇಳದೆ ಎದ್ದುಹೋದವನು ನೀನು. ಲಾರಿ ಬರುವಷ್ಟರಲ್ಲಿ ಅಂಗಳದಲ್ಲಿ ಹದಿನೇಳಡಿ ಉದ್ದಕ್ಕೆ, ಕಾಂಕ್ರೀಟು ಸುರಿಯುವ ಅಚ್ಚಿಗೆ ಸೆಂಟ್ರಿಂಗ್ ಹಲಗೆ ಬಡಿದು ಮುಗಿಸಿದ್ದೆ.