ಮೈಕಿನಲ್ಲಿ ಹೇಳಿದ್ದು, ಫೋನಿನಲ್ಲಿ ಹೇಳದ್ದು

೧೬ ಜುಲೈ ೨೦೨೧, ಶುಕ್ರವಾರ
ಪಂಚಾಯಿತಿ ಗ್ರಂಥಾಲಯ

ನನ್ನ ಮುದ್ದು ಕೋಮಲಾ,

ಏಳು ತಿಂಗಳ ಬಸುರಿಗೆ ಅವ್ವನಿಂದ ಕಾಗದ ಬಂತೆಂದು ಗಾಬರಿಯಾಗಬೇಡ, ನಾನು ಆರಾಮಿದ್ದೇನೆ. ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತೇವಲ್ಲ, ಕಾಗದ ಯಾಕೆ ಎನ್ನುತ್ತೀ. ಹೇಳಲು ಬಾಯಿ ಬಾರದ ಒಂದು ಮಾತಿದೆ, ಅದಕ್ಕೇ. ಓದಿ ಮುಗಿಯುವ ತನಕ ಸಿಟ್ಟಾಗಬೇಡ.

ನಾನು ನೋಡಿಕೊಳ್ಳುವ ಈ ಗ್ರಂಥಾಲಯ ಕೊರೊನಾದಿಂದ ಮುಚ್ಚಿದಾಗಿನಿಂದ ಪಂಚಾಯಿತಿಯ ಪಿಡಿಓ ಸಾಹೇಬರು ನನಗೆ ಮೈಕು ಕೊಟ್ಟು ಕಸದ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದ್ದು ನಿನಗೆ ಗೊತ್ತು. ಮುಂಜಾನೆ ಏಳಕ್ಕೆ ಊರ ಸುದ್ದಿ ಹೇಳುವುದು ನನ್ನ ಕೆಲಸ. ಎಷ್ಟು ಮಂದಿಗೆ ಕೊರೊನಾ ಬಂದಿದೆ, ರೇಷನ್ ಯಾವ ಓಣಿಗೆ ಯಾವಾಗ, ನಳದ ನೀರು ಎಷ್ಟು ಹೊತ್ತಿಗೆ, ಸಂತೆ ಇದೆಯೋ ಇಲ್ಲವೋ. ಹೋದ ತಿಂಗಳು ಲಸಿಕೆಗೆಂದು ಅರವತ್ತು ದಾಟಿದವರ ಪಟ್ಟಿ ಕೊಟ್ಟು, ಇದನ್ನೂ ಓದಿಬಿಡು ಎಂದರು. ನಾನೂ ಹಿಂದೆಮುಂದೆ ನೋಡದೆ ಓದಿದೆ.

ನಮ್ಮ ಊರಲ್ಲಿ ಮೈಕಿನಲ್ಲಿ ಹೆಸರು ಕೂಗುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಅದು ನನಗೆ ಹೊಳೆಯಲೇ ಇಲ್ಲ ನೋಡು. ಪಟ್ಟಿಯ ಮೊದಲ ಹೆಸರು ಹಿಂದಿನ ಓಣಿಯ ಶೆಟ್ಟೆವ್ವನದು. ಹೆಸರು ಕೇಳಿದವರು ಮುಂದಿನ ಮಾತು ಕೇಳಲಿಲ್ಲ. ಯಾರೋ ಫೋನ್ ಮಾಡಿ ತಿಳಿಸಿ, ಒಂಬತ್ತಾಗುವಷ್ಟರಲ್ಲಿ ನಾಲತವಾಡದಿಂದ ಆಕೆಯ ತಮ್ಮ ಹೂವಿನ ಹಾರ ಹಿಡಿದು ಅಳುತ್ತ ಬಂದ. ಶೆಟ್ಟೆವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ‘ಯಾರು ಸತ್ತಾರೋ ತಮ್ಮಾ?’ ಎಂದು ಆಕೆಯೇ ಕೇಳಿದಳಂತೆ. ನಾನಂತೂ ನಾಚಿಕೆಯಿಂದ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಮೊದಲು ಊರೆಲ್ಲ ನಕ್ಕಿತು. ಆಮೇಲೆ ನಗು ಹೋಗಿ ಅಂಜಿಕೆ ಉಳಿಯಿತು. ಆ ಪಟ್ಟಿಯಲ್ಲಿದ್ದವರು ಸೂಜಿ ಚುಚ್ಚಿಸಿಕೊಂಡು ಸಾಯುತ್ತಾರೆ ಎಂದು ಯಾರೋ ಹಬ್ಬಿಸಿದರು. ಲಸಿಕೆಯ ದಿನ ಬಂದವರು ಹನ್ನೊಂದೇ ಮಂದಿ. ‘ಮುಂದಿನ ಸಲ ಐವತ್ತು ಮಂದಿ ಆಗ್ಲಿಲ್ಲಂದ್ರ ಲಸಿಕಿ ಡಬ್ಬಿ ಬ್ಯಾರೆ ಊರಿಗೆ ಹೋಗತೈತ್ರಿ ಅಕ್ಕಾರ’ ಎಂದಳು ನರ್ಸಬಾಯಿ. ನನಗೆ ನಿನ್ನದೇ ಚಿಂತೆಯಾಯಿತು. ನೀನು ಚೊಚ್ಚಲ ಹೆರಿಗೆಗೆ ಬರುವ ಊರಿದು. ಕೂಸು ಹುಟ್ಟಿದ ಮೇಲೆ ಓಣಿಯ ಹೆಂಗಸರು ಎತ್ತಿ ಮುದ್ದಿಡದೆ ಬಿಡುವವರೇ? ಅವರು ಹಾಕಿಸಿಕೊಳ್ಳದೆ ನಿನ್ನನ್ನು ಹೇಗೆ ಕರೆತರಲಿ?

ಟೊಂಕ ಕಟ್ಟಿ ಮನೆಮನೆಗೆ ಹೊರಟೆ. ಬೈದವರ ಮನೆಗೆ ಎರಡೆರಡು ಸಲ ಹೋದೆ. ಸೈದಾಬಿ ಚಾಚಿ ಹೊಲಿಗೆ ಮಷೀನು ನಿಲ್ಲಿಸಿ, ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, ಕಡೆಗೆ ‘ಎಲ್ಲಾ ಖರೆ ಸುನಂದಾ, ನೀ ಹಾಕಿಸ್ಕೊಂಡೀಯೇನು?’ ಎಂದಳು.

ಕೋಮಲಾ, ಇದೇ ಆ ಮಾತು. ನಾನು ಹಾಕಿಸಿಕೊಂಡಿರಲಿಲ್ಲ. ಮೇ ತಿಂಗಳಲ್ಲೇ ಆಯಿತು ಎಂದು ನಿನಗೆ ಹೇಳಿದ್ದು ಸುಳ್ಳು. ಒಂದು ರಾತ್ರಿ ಜ್ವರ ಬಂದಿತ್ತು ಎಂದೂ ಸೇರಿಸಿದ್ದೆ. ಮೂರು ವರ್ಷದ ಹಿಂದೆ ನಿನ್ನ ಅಪ್ಪ ತಾವೇ ನಡೆದು ಆಸ್ಪತ್ರೆಯೊಳಗೆ ಹೋದರು, ತಿರುಗಿ ಬರಲಿಲ್ಲ. ಅಂದಿನಿಂದ ಆಸ್ಪತ್ರೆ, ಸೂಜಿ ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಅಂಜಿ ಕೂತಿದ್ದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು.

ಎದುರಿಗೆ ಕೂತವಳಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಇಲ್ಲ ಎಂದೆ. ಚಾಚಿ ಬೈಯಲಿಲ್ಲ. ‘ಹಂಗಾರ ಮೊದಲ ನೀ ಹಾಕಿಸ್ಕೊ, ನಾವು ನೋಡ್ತೇವಿ’ ಅಂದಳು. ಬುಧವಾರ ಮುಂಜಾನೆ ಪಂಚಾಯಿತಿಯ ಸುದ್ದಿ ಮುಗಿಸಿ ನನ್ನ ಸುದ್ದಿಯನ್ನೂ ಮೈಕಿನಲ್ಲಿ ಹೇಳಿದೆ. ನಾನು ಇನ್ನೂ ಹಾಕಿಸಿಕೊಂಡಿಲ್ಲ, ನನಗೂ ಅಂಜಿಕೆಯಿದೆ, ನಾಳೆ ಒಂಬತ್ತಕ್ಕೆ ಶಾಲೆಯ ಕಟ್ಟೆಯ ಮೇಲೆ ಮೊದಲು ನಾನೇ ಕೂರುತ್ತೇನೆ, ಬಂದು ನೋಡಿರಿ ಎಂದೆ. ಗಾಡಿ ಓಡಿಸುವ ಗುರಪ್ಪ ಬ್ರೇಕ್ ಹಾಕಿ ನನ್ನ ಮುಖ ನೋಡಿದ.

ನಿನ್ನೆ ನೋಡಲೆಂದೇ ಊರು ನೆರೆಯಿತು. ಕಣ್ಣು ಮುಚ್ಚಿ ನಿನ್ನನ್ನು ನೆನೆದೆ, ಅಷ್ಟರಲ್ಲಿ ಆಗಿಹೋಗಿತ್ತು. ಅರ್ಧ ತಾಸು ನನ್ನನ್ನು ಅಲ್ಲೇ ಕೂರಿಸಿ ಎಲ್ಲರೂ ಕಾದರು. ನಾನು ಸಾಯಲಿಲ್ಲ, ಚಹಾ ಕುಡಿದೆ. ಆಮೇಲೆ ಒಬ್ಬೊಬ್ಬರೇ ಸಾಲು ಹಚ್ಚಿದರು. ಸಂಜೆಗೆ ಎಪ್ಪತ್ತೆರಡು ಮಂದಿ ಆಯಿತು. ಡಬ್ಬಿ ಮುಂದಿನ ಗುರುವಾರವೂ ನಮ್ಮ ಊರಿಗೇ ಬರುತ್ತದೆ.

ಇನ್ನೂ ಬಾಗಿಲು ತೆರೆಯದ ಮನೆಗಳಿವೆ. ನಾನೂ ಬಿಡುವವಳಲ್ಲ. ಸುಳ್ಳು ಹೇಳಿದ್ದಕ್ಕೆ ಮನಸ್ಸು ತಣಿಯುವಷ್ಟು ಬೈಯಿ, ಆದರೆ ತವರಿಗೆ ಬರುವುದಿಲ್ಲ ಎನ್ನಬೇಡ.

ನಿನ್ನ ಹಾದಿ ಕಾಯುವ ಅವ್ವ,
ಸುನಂದಾ

ತಾ.ಕ.: ಶನಿವಾರ ಮುಂಜಾನೆ. ಲಕೋಟೆ ಅಂಟಿಸುವಷ್ಟರಲ್ಲಿ ಬಾಗೇವಾಡಿಯಿಂದ ನಿನ್ನ ಅತ್ತೆ ಸಾವಿತ್ರವ್ವ ಫೋನ್ ಮಾಡಿದರು. ಬಸುರಿಯರಿಗೂ ಲಸಿಕೆ ಹಾಕುತ್ತಿದ್ದಾರೆ, ಎಷ್ಟು ಹೇಳಿದರೂ ನಿಮ್ಮ ಮಗಳು ಒಲ್ಲೆ ಅನ್ನುತ್ತಾಳೆ, ನೀವಾದರೂ ಹೇಳಿರಿ ಎಂದರು. ಹೋದ ವಾರವೇ ‘ನಂದೂ ಆತವ್ವಾ, ನೀ ಚಿಂತಿ ಮಾಡಬ್ಯಾಡ’ ಅಂದವಳು ನೀನೇ ಅಲ್ಲವೇ? ಬೈಯುವುದಿಲ್ಲ, ಯಾವ ಬಾಯಿಂದ ಬೈಯಲಿ. ಮಂಗಳವಾರ ಮೊದಲ ಬಸ್ಸಿಗೆ ಬರುತ್ತೇನೆ. ಆಸ್ಪತ್ರೆಗೆ ಇಬ್ಬರೂ ಕೂಡಿಯೇ ಹೋಗೋಣ.