ಶ.ಮಾ. ಅವರು ಬಿಟ್ಟ ಬುಟ್ಟಿ

ದಾವಣಗೆರೆ
ಫೆಬ್ರವರಿ ೩೦, ೨೨೧೪

ಶ.ಮಾ. ಅವರಿಗೆ ನಮಸ್ಕಾರ.

ತಾರೀಖು ತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ತಿಂಗಳುಗಳನ್ನು ಸರಿಹೊಂದಿಸಿ ಅರವತ್ತು ವರ್ಷವಾಯಿತು, ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಕನ್ನಡದಲ್ಲಿ ನಿಮಗೆ ಪರಿಚಯವಿಲ್ಲದ ಮಾತು ಬಂದರೆ ಮನ್ನಿಸಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ನಿಮ್ಮ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ೨೦೨೭ರಲ್ಲಿ ಒಂದು ಬುಟ್ಟಿಯ ಮೇಲೆ ನೀವು ಹಾಕಿದ ಎರಡಕ್ಷರದ ಸಹಿ ಮಾತ್ರ ಗೊತ್ತು. ಗಂಡಸೋ ಹೆಂಗಸೋ, ಅದೂ ತಿಳಿಯದು.

ಈ ಕಾಗದಕ್ಕೆ ನಾವು ಹಿಂಬರಹ ಎನ್ನುತ್ತೇವೆ. ಹಳೆಯ ತೀರ್ಮಾನವೊಂದನ್ನು ಬದಲಿಸಿದವರು ಅದನ್ನು ಮಾಡಿದವರಿಗೆ ಕಾಗದ ಬರೆದು ಬುಟ್ಟಿಯ ಜೊತೆಗೇ ಇಡಬೇಕು. ಅವರು ತೀರಿಹೋಗಿದ್ದರೂ ಬರೆಯಲೇಬೇಕು. ಹೇಳದೆ ಅಳಿಸುವುದನ್ನು ನಮ್ಮ ವಿಂಗಡಣೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ವಿಂಗಡಣೆ ಮನೆ ಇರುವುದು ಹಳೆಯ ಹತ್ತಿ ಗಿರಣಿಯ ಕಟ್ಟಡದಲ್ಲಿ. ನಾವು ಆರು ಜನ ಹೆಂಗಸರು. ಕೆಲಸ ನೀವು ಮಾಡುತ್ತಿದ್ದದ್ದೇ. ಒಂದು ಚಿಪ್ಪಿನ, ಅಂದರೆ ನಿಮ್ಮವರು ‘ಚಿಪ್’ ಎನ್ನುತ್ತಿದ್ದ ಯಂತ್ರದ ಮಿದುಳಿನ, ನಕ್ಷೆ ಬಂದರೆ ತಪಾಸಣೆ ಯಂತ್ರ ಅನುಮಾನವಿರುವ ಜಾಗಗಳನ್ನೆಲ್ಲ ಗುರುತು ಹಾಕಿ ಕೊಡುತ್ತದೆ. ಆರೇಳು ಕೋಟಿ ಗುರುತು ಸಾಮಾನ್ಯ. ಅಷ್ಟನ್ನೂ ಕಣ್ಣಿಂದ ನೋಡಲು ಒಂದು ಜನ್ಮ ಸಾಲದು. ಹಾಗಾಗಿ ಪ್ರತಿ ಜಾಗದ ಸುತ್ತ ಒಂದು ಚೌಕ ಕತ್ತರಿಸಿ, ಅದರೊಳಗಿನ ಗೆರೆಗಳಿಂದ ಒಂದು ಚಹರೆ ತೆಗೆದು, ಒಂದೇ ಚಹರೆಯವನ್ನು ಒಂದು ಬುಟ್ಟಿಗೆ ಹಾಕುತ್ತೇವೆ. ಆರು ಕೋಟಿ ಹೋಗಿ ಎಂಟುನೂರು ಬುಟ್ಟಿ ಆಗುತ್ತದೆ. ಬುಟ್ಟಿಗೊಂದನ್ನು ಎತ್ತಿ ನೋಡಿ ‘ತಿದ್ದು’ ಅಥವಾ ‘ಬಿಡು’ ಎಂದು ಬರೆದರೆ ಅದು ಇಡೀ ಬುಟ್ಟಿಗೆ ಅನ್ವಯ. ಚಹರೆ ಮೊದಲೇ ಪರಿಚಯದ್ದಾಗಿದ್ದರೆ ಹಿಂದಿನವರ ತೀರ್ಮಾನವೇ ತಾನಾಗಿ ಬಂದು ಕೂರುತ್ತದೆ. ನಾಲ್ಕು ಗಂಟೆಗೆ ಮಂಡಕ್ಕಿ ಮೆಣಸಿನಕಾಯಿ ಬರುವ ಹೊತ್ತಿಗೆ ದಿನದ ಕೆಲಸ ಮುಗಿದಿರುತ್ತದೆ. ಇಂಥ ಕೆಲಸ ಇಷ್ಟು ಹಗುರಾಗಿರುವುದು ನಿಮ್ಮಂಥವರಿಂದ, ಅದನ್ನು ಮರೆತಿಲ್ಲ.

ಕಳೆದ ತಿಂಗಳು ಉಸಿರುಪಟ್ಟಿಯ ಹೊಸ ಚಿಪ್ಪಿನ ನಕ್ಷೆ ಬಂತು. ಮಲಗಿದಾಗ ಉಸಿರಾಡುವುದನ್ನೇ ಮರೆಯುವ ಕಾಯಿಲೆಯವರು ಕುತ್ತಿಗೆಗೆ ಕಟ್ಟಿಕೊಳ್ಳುವ ಪಟ್ಟಿ ಅದು. ಉಸಿರು ನಿಂತರೆ ಸಣ್ಣಗೆ ಚುಚ್ಚಿ ಎಬ್ಬಿಸುತ್ತದೆ. ನನ್ನ ಪಕ್ಕದ ಮೇಜಿನ ಕೊಟ್ರಮ್ಮನ ತಂದೆ ಹಾಲಪ್ಪನವರಿಗೂ ಅದೇ ಕಾಯಿಲೆ. ಅವರ ಹಳೆಯ ಪಟ್ಟಿಗೆ ಇನ್ನು ಐದು ದಿನದ ಆಯಸ್ಸಿತ್ತು. ಹೊಸದು ನಾಲ್ಕು ದಿನದಲ್ಲಿ ಬರುವುದಿತ್ತು.

ಆ ನಕ್ಷೆಯಲ್ಲಿ ನಲವತ್ತೊಂದು ಲಕ್ಷ ಗುರುತುಗಳು ನಿಮ್ಮ ಬುಟ್ಟಿಗೆ ಬಂದು ಬಿದ್ದವು. ಎರಡು ತಂತಿಗಳ ತುದಿಗಳ ನಡುವೆ ನಿಯಮಕ್ಕಿಂತ ಕೂದಲೆಳೆಯಷ್ಟು ಕಡಿಮೆ ಜಾಗ. ಮೇಲೆ ನಿಮ್ಮ ಬರಹ: ‘ಬಿಡು. ಶ.ಮಾ.’ ಅಷ್ಟೇ. ಏಕೆ ಬಿಟ್ಟಿರಿ ಎಂದು ಇರಲಿಲ್ಲ. ನಾನು ಪದ್ಯ ಓದುವವಳು. ಒಂದೇ ಪದ ಎರಡು ಸಾಲಿನಲ್ಲಿ ಬಂದಾಗ ಅಕ್ಕಪಕ್ಕ ಏನಿದೆ ಎಂದು ನೋಡದೆ ಮುಂದೆ ಹೋಗಲಾರೆ. ಪಟ್ಟಿ ತಡವಾದರೂ ಸರಿ, ಬುಟ್ಟಿ ತೆರೆಯಬೇಕು ಎಂದೆ.

ನಮ್ಮ ಹಿರಿಯರಾದ ಜೈತುನಕ್ಕ ಕನ್ನಡಕ ತೆಗೆದರು. “ಅಲ್ಲ ಸರ್ವಮಂಗಳಾ, ನೂರಾ ಎಂಬತ್ತೇಳು ವರ್ಷ ಯಾರೂ ಮುಟ್ಟದ ಬುಟ್ಟಿಗೆ ಇವತ್ತೇ ಕೈ ಹಾಕ್ಬೇಕಾ? ಆ ಹುಡುಗಿ ಮುಖ ನೋಡಿದೀಯಾ?”

ಕೊಟ್ರಮ್ಮ ತಲೆ ಎತ್ತಲಿಲ್ಲ. “ತೆರೀಲಿ ಬಿಡಕ್ಕ. ನಮ್ಮಪ್ಪನ ಕುತ್ತಿಗೇಲಿ ಕೂರೋದು ಅದು,” ಎಂದಳು.

ಒಂದೊಂದಾಗಿ ನೋಡಿದ್ದರೆ ವರ್ಷಗಳೇ ಬೇಕಾಗುತ್ತಿತ್ತು. ಹಾಗೆ ಮಾಡಲಿಲ್ಲ. ನಿಮ್ಮ ಚಹರೆಯಲ್ಲಿ ತಂತಿ ಇರುವ ಪದರ ಒಂದೇ ಲೆಕ್ಕಕ್ಕಿತ್ತು. ಅದಕ್ಕೆ ಮೇಲಿನ ಪದರವನ್ನೂ ಸೇರಿಸಿ ಮತ್ತೆ ವಿಂಗಡಿಸಿದೆವು. ಒಂದು ಮಧ್ಯಾಹ್ನದ ಕೆಲಸ. ಬುಟ್ಟಿ ಮೂರಾಗಿ ಒಡೆಯಿತು. ಮೊದಲನೆಯದರಲ್ಲಿ ಮೇಲೆ ಏನೂ ಇಲ್ಲ. ಎರಡನೆಯದರಲ್ಲಿ ಮೇಲಿನ ತಂತಿ ಅಡ್ಡ ಹಾದಿದೆ, ತೊಂದರೆಯಿಲ್ಲ. ಮೂರನೆಯದರಲ್ಲಿ ಅದು ಆ ಸಂದಿಯ ಮೇಲೆಯೇ ಉದ್ದಕ್ಕೆ ಮಲಗಿದೆ. ಅದರಲ್ಲಿದ್ದದ್ದು ಹದಿನೇಳೇ ಜಾಗ. ಹದಿನೇಳನ್ನೂ ನೋಡಿದೆವು. ಮೈಯ ಬಿಸಿಗೆ ವರ್ಷದೊಳಗೆ ಆ ತುದಿಗಳು ಕೂಡಿಕೊಂಡು ಪಟ್ಟಿ ಸುಮ್ಮನಾಗುತ್ತಿತ್ತು.

ನಿಮ್ಮ ಕಾಲದ ಚಿಪ್ಪಿನಲ್ಲಿ ಪದರಗಳು ದೂರದೂರ ಇದ್ದವು. ನೀವು ಬಿಟ್ಟದ್ದು ಸರಿಯಾಗಿಯೇ ಇತ್ತು. ಪದರಗಳು ಹತ್ತಿರ ಬಂದಾಗ ಅದು ತಪ್ಪಾಯಿತು, ಆದರೆ ಹಾಗೆಂದು ನಮಗೆ ಹೇಳುವ ಒಂದು ಸಾಲೂ ಬುಟ್ಟಿಯ ಮೇಲೆ ಇರಲಿಲ್ಲ.

ನಕ್ಷೆ ತಿದ್ದಿ ಪಟ್ಟಿ ಬರಲು ಒಂಬತ್ತು ದಿನ ಹಿಡಿಯಿತು. ಐದನೆಯ ದಿನ ಹಳೆಯದು ನಿಂತಿತು. ಉಳಿದ ನಾಲ್ಕು ದಿನ ನಾವು ಆರು ಜನ ಸರದಿಯಲ್ಲಿ ಹಾಲಪ್ಪನವರ ಮಂಚದ ಬಳಿ ಕೂತು, ಎದೆ ಏರಿಳಿಯುವುದನ್ನು ನೋಡಿ, ನಿಂತಾಗ ಭುಜ ತಟ್ಟಿ ಎಬ್ಬಿಸಿದೆವು. ನನ್ನ ಪಾಳಿಯಲ್ಲಿ ಹನ್ನೊಂದು ಸಲ. ಎದ್ದಾಗಲೆಲ್ಲ, “ಏನಮ್ಮಾ, ನನ್ನನ್ನ ಯಾವ ಬುಟ್ಟಿಗೆ ಹಾಕಿದ್ರಿ, ತಿದ್ದೋದಕ್ಕೋ ಬಿಡೋದಕ್ಕೋ?” ಎನ್ನುತ್ತಿದ್ದರು. ಕೊಟ್ರಮ್ಮ ಮಾತ್ರ ನಗುತ್ತಿರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಪಟ್ಟಿಯನ್ನು ತಾನೇ ಕಟ್ಟಿ, ಅಪ್ಪ ನಿದ್ದೆ ಹೋಗಿ, ಉಸಿರು ನಿಂತು, ಪಟ್ಟಿ ಚುಚ್ಚಿದೊಡನೆ ಮತ್ತೆ ಶುರುವಾದದ್ದನ್ನು ಕಂಡ ಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಈ ಕಾಗದ ನಿಮಗೆ ತಲುಪುವುದಿಲ್ಲವೆಂದು ಬಲ್ಲೆ. ಅಕಸ್ಮಾತ್ ತಲುಪಿದರೆ, ಒಂದು ಕೋರಿಕೆ. ವಿಂಗಡಣೆ ಬೇಗ ಮಾಡಿ, ಇನ್ನೂ ಬೇಗ ಮಾಡಿ. ಆದರೆ ‘ಬಿಡು’ ಎಂದು ಬರೆದ ಮೇಲೆ ಏಕೆ ಬಿಟ್ಟಿರಿ ಎಂದು ಒಂದು ಸಾಲು ಸೇರಿಸಿ ಮೇಜಿನಿಂದ ಏಳಿ.

ನಿಮ್ಮ ಬುಟ್ಟಿಯನ್ನು ಮುಚ್ಚಿದ್ದೇನೆ. ನಿಮ್ಮ ಸಹಿ ಅಳಿಸಿಲ್ಲ. ಅದರ ಕೆಳಗೆ ನನ್ನದು ಹೀಗಿದೆ:

ಬಿಡು, ಮೇಲೆ ಏನೂ ಇಲ್ಲದಿದ್ದರೆ ಅಥವಾ ಅಡ್ಡ ಹಾದಿದ್ದರೆ ಮಾತ್ರ. ಈಗಿನ ಪದರಗಳನ್ನು ನೋಡಿ ಹೇಳಿದ್ದು. ಪದರ ಬದಲಾದ ದಿನ ನನ್ನನ್ನು ನಂಬಬೇಡಿ. ಸರ್ವಮಂಗಳ.